ಬಂಪರಿಗೆ ವಿಮೆ ಇದೆ, ಹಿಂದೆ ಕೂತ ಅಪ್ಪಯ್ಯನಿಗೆ?

ಚೌತಿ, ದೀಪಾವಳಿ, ಊರಿನ ತೇರು, ಯಾವ ನೆಪವಾದರೂ ಸರಿ, ಆ ದಿನಗಳಲ್ಲಿ ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಓಡಾಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅಂಗಳದ ಆಚೆ, ಕೊಟ್ಟಿಗೆ ಪಕ್ಕ, ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಕಾರುಗಳು ನಿಂತಿರುತ್ತವೆ. ಬಾಡಿಗೆಗೆ ತಂದು ನಾವೇ ಓಡಿಸುವ ಕಾರುಗಳು. ಬೆಂಗಳೂರಲ್ಲಿ ಸ್ವಂತ ಕಾರು ಇಟ್ಟುಕೊಂಡರೆ ನಿಲ್ಲಿಸಲು ಜಾಗ ಇಲ್ಲ, ದಿನದ ಓಡಾಟಕ್ಕೆ ಮೆಟ್ರೋ, ಬಸ್ಸು ಸಾಕು. ಅಂಥವರು ಊರಿಗೆ ಬರುವಾಗ ಮಾತ್ರ ಕಾರು ಹಿಡಿಯುತ್ತೇವೆ. ಕೆಲವರು ಬೆಂಗಳೂರಿಂದಲೇ ತರುತ್ತಾರೆ. ನನ್ನ ಹಾಗೆ ಕೆಲವರು ರೈಲಲ್ಲಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ಮುಂಡಗೋಡ ದಾರಿ ಹಿಡಿಯುತ್ತಾರೆ. ಕಾರವಾರ, ಅಂಕೋಲೆಯವರು ಗೋವಾದಲ್ಲಿ ವಿಮಾನ ಇಳಿದು ಅಲ್ಲೇ ಕಾರು ತಗೊಳ್ಳುತ್ತಾರೆ.

ಬುಕಿಂಗ್ ಮುಗಿಯಿತು ಅನ್ನುವಾಗ, ದುಡ್ಡು ಕಟ್ಟುವ ಮೊದಲು, ಒಂದು ಪುಟ ಬರುತ್ತದೆ. ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಅಂತ ಮೂರು ಆಯ್ಕೆ. ದಿನಕ್ಕೆ ಇಷ್ಟು ನೂರು ರೂಪಾಯಿ ಜಾಸ್ತಿ ಕೊಟ್ಟರೆ, ಕಾರಿಗೆ ಏನಾದರೂ ಆದಾಗ ನಿಮ್ಮ ಕೈಯಿಂದ ಹೋಗುವ ದುಡ್ಡು ಇಷ್ಟಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ. ಆ ಪುಟದ ಮುಂದೆ ನನ್ನ ಕೈ ಯಾವಾಗಲೂ ನಿಲ್ಲುತ್ತದೆ. ತಗೊಳ್ಳಲೋ ಬಿಡಲೋ ಅನ್ನುವುದು ಸಣ್ಣ ಪ್ರಶ್ನೆ, ನಾಲ್ಕು ದಿನದ ಬಾಡಿಗೆಯಲ್ಲಿ ಒಂದು ಊಟದ ಖರ್ಚಿನಷ್ಟು ವ್ಯತ್ಯಾಸ. ಆದರೆ ಆ ಕಾರಲ್ಲಿ ನಾನು ಕೂರಿಸಿಕೊಂಡು ಹೋಗುವುದು ಆಯಿಯನ್ನು, ಅಪ್ಪಯ್ಯನನ್ನು. ಕೆಲವು ಸಲ ಹಬ್ಬಕ್ಕೆ, ಹೆಚ್ಚಿನ ಸಲ ಮಣಿಪಾಲದ ಡಾಕ್ಟರ ಹತ್ತಿರ. ಹಾಗಾಗಿ ಆ ಪುಟ ಯಾವುದಕ್ಕೆ ರಕ್ಷಣೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಅಂತ ಪೂರ್ತಿ ತಿಳಿದುಕೊಳ್ಳದೆ ನನಗೆ ಸಮಾಧಾನ ಆಗಲಿಲ್ಲ.

ಆ ಪುಟದಲ್ಲಿ ಮಾರುವುದೇನು

ಮೊದಲು ಒಂದು ವಿಷಯ. ಕಾರಿಗೆ ವಿಮೆ ಇದ್ದೇ ಇರುತ್ತದೆ, ಅದನ್ನು ಮಾಲೀಕರು ಮಾಡಿಸಿರುತ್ತಾರೆ. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಕೊಡುವ ವಿಮೆ, ಇಲ್ಲದ ಗಾಡಿ ರಸ್ತೆಗೆ ಇಳಿಯುವ ಹಾಗೇ ಇಲ್ಲ, 1988ರ ಮೋಟಾರು ವಾಹನ ಕಾಯ್ದೆಯೇ ಹಾಗೆ ಹೇಳುತ್ತದೆ. ಕೊನೆಯ ಪುಟದಲ್ಲಿ ನಮಗೆ ಮಾರುವುದು ಹೆಚ್ಚಿನ ಕಡೆ ಇನ್ನೊಂದು ವಿಮಾ ಪಾಲಿಸಿ ಅಲ್ಲ. ಅದು ಬಾಡಿಗೆ ಕೊಡುವವರು ನಮಗೆ ಕೊಡುವ ಮಾತು: ಕಾರಿಗೆ ಪೆಟ್ಟಾದರೆ ನಿಮ್ಮಿಂದ ಇಷ್ಟಕ್ಕಿಂತ ಜಾಸ್ತಿ ವಸೂಲಿ ಮಾಡುವುದಿಲ್ಲ ಅಂತ. ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ವಿಮಾ ಕಂಪನಿ ಅನ್ಯಾಯ ಮಾಡಿದರೆ ವಿಮೆಯ ದೂರು ಕೇಳುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಇಲ್ಲಿ ಜಗಳ ಇರುವುದು ನಮಗೂ ಬಾಡಿಗೆ ಕೊಟ್ಟವರಿಗೂ ನಡುವೆ, ಅವರೇ ಬರೆದ ಕರಾರಿನ ಮೇಲೆ. ಕೊನೆಗೆ ಗ್ರಾಹಕ ಆಯೋಗವೇ ದಾರಿ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಷ್ಟು ಒಳ್ಳೆಯದು.

ಇನ್ನು ದುಡ್ಡಿನ ಲೆಕ್ಕ. ದಿನಕ್ಕೆ 300 ರೂಪಾಯಿ ಅಂದುಕೊಳ್ಳಿ, ನಾಲ್ಕು ದಿನಕ್ಕೆ 1,200. ಅದನ್ನು ಕೊಟ್ಟರೆ ನನ್ನ ಮೇಲೆ ಬೀಳಬಹುದಾದ ಹೊರೆ 10,000ದಿಂದ 2,000ಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ಅಂದರೆ 8,000 ಉಳಿಸಲು 1,200 ಕೊಡುತ್ತಿದ್ದೇನೆ. ಏಳು ಸಲ ಊರಿಗೆ ಹೋದರೆ ಒಂದು ಸಲವಾದರೂ ದೊಡ್ಡ ಪೆಟ್ಟು ಆಗುತ್ತದೆ ಅನ್ನುವ ಹಾಗಿದ್ದರೆ ಮಾತ್ರ ಇದು ಗಿಟ್ಟುತ್ತದೆ. ಬರೀ ಲೆಕ್ಕ ನೋಡಿದರೆ ಬೇಡ ಅನ್ನಬೇಕು. ಆದರೆ ಎಲ್ಲರ ಮನೆಯ ಪರಿಸ್ಥಿತಿ ಒಂದೇ ಅಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಒಂದೇ ಸಲಕ್ಕೆ 10,000 ಹೋದರೆ ಆ ತಿಂಗಳ ಬಾಡಿಗೆಗೇ ಕಷ್ಟ. ಅವಳು 1,200 ಕೊಟ್ಟು ನೆಮ್ಮದಿಯಾಗಿ ಬರಲಿ, ಅದರಲ್ಲಿ ತಪ್ಪೇನಿಲ್ಲ. ಹತ್ತು ಸಾವಿರ ಹೋದರೂ ತಡೆದುಕೊಳ್ಳುವವರಿಗೆ ಅದು ಬೇಕಾಗಿಲ್ಲ.

ಇದೆಲ್ಲ ಕರಾರಿನಲ್ಲಿ ಮಿತಿ ಹಾಕಿದ್ದರೆ ಮಾತ್ರ. ಕೆಲವು ಕಡೆ ಬೇಸಿಕ್ ತಗೊಂಡರೆ ಮಿತಿಯೇ ಇರುವುದಿಲ್ಲ, ಆದ ಖರ್ಚೆಲ್ಲ ನಮ್ಮದೇ. ಅಂಥಲ್ಲಿ ಲೆಕ್ಕವೇ ಬೇರೆ. ಮಾಲೀಕರ ವಿಮೆಯಿಂದ ದುಡ್ಡು ಬಂದರೂ ಪೂರ್ತಿ ಬರುವುದಿಲ್ಲ. ಜೀರೋ ಡೆಪ್ರಿಸಿಯೇಶನ್, ಅಂದರೆ ಭಾಗಗಳು ಸವೆದಿವೆ ಅಂತ ದುಡ್ಡು ಕಡಿಯಬಾರದು ಅನ್ನುವ ಷರತ್ತು, ಸೇರಿಸದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಕಡಿತ. ಈಗಿನ ಕಾರಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ ಅಲ್ವಾ? ಆ ಉಳಿದರ್ಧ ಯಾರ ತಲೆಗೆ ಬರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಮಿತಿ ಇಲ್ಲದ ಕರಾರಾದರೆ ನಾನು ಯೋಚನೆ ಮಾಡದೆ ಹೆಚ್ಚುವರಿ ರಕ್ಷಣೆ ತಗೊಳ್ಳುತ್ತೇನೆ, ಇಲ್ಲವೇ ಬೇರೆ ಕಡೆ ಕಾರು ಹುಡುಕುತ್ತೇನೆ.

ಅರೆಕಲ್ಲು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಎಲ್ಲದರಲ್ಲೂ ಎಚ್ಚರಿಕೆಯ ಮನುಷ್ಯ. ಅವರು ಯಾವಾಗಲೂ ಎಲ್ಲಕ್ಕಿಂತ ಮೇಲಿನ ಪ್ಲಾನೇ ತಗೊಳ್ಳುತ್ತಾರೆ. ಒಂದು ದೀಪಾವಳಿಗೆ ಹಾಗೇ ತಗೊಂಡು ಅಕ್ಕ, ಮಕ್ಕಳ ಜೊತೆ ಊರಿಗೆ ಬಂದರು. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಅರ್ಧ ಕಿಲೋಮೀಟರು ಮಣ್ಣಿನ ದಾರಿ. ಮಳೆಗಾಲ ಮುಗಿದಿದ್ದಷ್ಟೇ. ಚಕ್ರ ಹೋಗುವ ಎರಡು ಸಾಲು ಕೊರೆದು ಆಳವಾಗಿದ್ದವು, ನಡುವೆ ಹುಲ್ಲಿನ ದಿಣ್ಣೆ. ಆ ಹುಲ್ಲಿನ ಕೆಳಗೆ ಒಂದು ಕಡೆ ಅರೆಕಲ್ಲು ಎದ್ದಿದೆ. ಊರಿನವರ ಜೀಪು ಅದರ ಮೇಲೆ ಸಲೀಸಾಗಿ ದಾಟುತ್ತದೆ. ತುಂಬಿದ ಸಣ್ಣ ಕಾರು ದಾಟುವುದಿಲ್ಲ. ವಾಪಸ್ ಹೊರಟ ದಿನ ಹಿಂದಿನ ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಉಪ್ಪಿನಕಾಯಿ ಭರಣಿ, ಬಾಳೆಗೊನೆ ಎಲ್ಲ ಹೇರಿಯಾಗಿತ್ತು. ದಾರಿಯ ತಿರುವಿನಲ್ಲಿ ಟಣ್ ಅಂತ ಒಂದು ಸದ್ದು, ಅಂಗಳದಲ್ಲಿ ನಿಂತ ನಮಗೂ ಕೇಳಿತು.

ಓಡಿ ಹೋಗಿ ನೋಡಿದೆವು. ಅಪ್ಪಯ್ಯ ಪಕ್ಕದ ಗೇರು ಮರದಿಂದ ಒಂದು ಎಲೆ ಕಿತ್ತು, ಮಂಡಿ ಊರಿ ಕಾರಿನ ಅಡಿಗೆ ಹಿಡಿದ. ಎಲೆಯ ಮೇಲೆ ಕಪ್ಪು ಎಣ್ಣೆ ಒಂದೊಂದೇ ತೊಟ್ಟು ಬಿತ್ತು. "ಸ್ಟಾರ್ಟ್ ಮಾಡಡಿ, ಚೇಂಬರ್ ಒಡದ್ದು" ಅಂದ. ಎಂಜಿನ್ ಆಯಿಲ್ ಇರುವ ಚೇಂಬರಿನ ತಳ ಕಲ್ಲಿಗೆ ತಾಗಿ ಬಿರುಕು ಬಿಟ್ಟಿತ್ತು. ಆಯಿಲ್ ಪೂರ್ತಿ ಹೋದ ಮೇಲೆ ಎಂಜಿನ್ ಓಡಿಸಿದರೆ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಳ್ಳುತ್ತವೆ. ಅಪ್ಪಯ್ಯ ತಡೆದಿದ್ದರಿಂದ ಎಂಜಿನ್ ಉಳಿಯಿತು.

ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ, ಹಕ್ಕಲಿನ ತುದಿಯಲ್ಲಿ ನಿಂತು, ಅಲ್ಲಿಂದ ಭಾವ ಕಸ್ಟಮರ್ ಕೇರ್ ಜೊತೆ ಮಾತಾಡಿದರು. ಘಟನೆ ಆದ ಕೂಡಲೇ ಫೋಟೋ, ಲೊಕೇಶನ್ ಕಳಿಸಬೇಕು ಅಂತ ಕರಾರು. ಫೋಟೋ ಹೋಗಲು ಅಲ್ಲೇ ಎಷ್ಟೋ ಹೊತ್ತು ಕಾಯಬೇಕಾಯಿತು. ಕೊನೆಗೆ ಆ ಕಡೆಯಿಂದ ಉತ್ತರ ಬಂತು. ಕಾರಿನ ಅಡಿ ಭಾಗ ಯಾವ ಪ್ಲಾನಿನಲ್ಲೂ ಬರುವುದಿಲ್ಲ. ಟಯರು, ರಿಮ್ಮು, ಕ್ಲಚ್ಚು, ಬೀಗದ ಕೈ ಕೂಡ ಇಲ್ಲ. ಶಿರಸಿಯ ಮೆಕ್ಯಾನಿಕ್ ಒಂದು ದಿನದಲ್ಲಿ ಸರಿ ಮಾಡಿ ಕೊಡುತ್ತೇನೆ ಅಂದ. ಆದರೆ ಕಂಪನಿ ಹೇಳಿದ ಗ್ಯಾರೇಜು ಬಿಟ್ಟು ಬೇರೆಯವರು ಮುಟ್ಟುವ ಹಾಗಿಲ್ಲ. ಹಾಗಾಗಿ ಎಳೆದುಕೊಂಡು ಹೋಗುವ ಗಾಡಿಯ ಖರ್ಚು, ಚೇಂಬರಿನ ಖರ್ಚು, ಗ್ಯಾರೇಜಿನಲ್ಲಿ ಕಾರು ಸುಮ್ನೆ ನಿಂತ ದಿನಗಳ ಬಾಡಿಗೆ, ಎಲ್ಲ ಸೇರಿ ಡಿಪಾಸಿಟ್ಟಿನಲ್ಲೇ ಹಿಡಿದರು. ಪ್ರೀಮಿಯಂ ಪ್ಲಾನಿನ ದುಡ್ಡು ಇದರ ಲೆಕ್ಕಕ್ಕೇ ಬರಲಿಲ್ಲ.

ಭಾವನಿಗೆ ಆದದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಆಗಬಹುದು. ಪಟ್ಟಣದಲ್ಲಿ ಕಾರಿಗೆ ಆಗುವ ಪೆಟ್ಟು ಎಂಥದ್ದು? ಬಂಪರಿಗೆ ಬೈಕು ತಾಗುವುದು, ಬಾಗಿಲಿಗೆ ಗೀರು ಬೀಳುವುದು, ಕನ್ನಡಿ ಮುರಿಯುವುದು. ಪ್ಲಾನುಗಳು ಇವನ್ನು ನೋಡಿ ಮಾಡಿದ್ದು. ನಮ್ಮಲ್ಲಿ ಪೆಟ್ಟು ಕೆಳಗಿನಿಂದ ಬರುತ್ತದೆ, ಇಲ್ಲವೇ ಮೇಲಿನಿಂದ. ಅರೆಕಲ್ಲು, ಹೊಂಡ, ಸಂಕದ ಅಂಚು, ಗುಡ್ಡದ ಮಣ್ಣು, ಹೊಳೆ ನೀರು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ ಬಂದ್ ಆದಾಗ ದೊಡ್ಮನೆ ಘಟ್ಟ ಹಿಡಿದವರಿಗೆ, ಇಲ್ಲವೇ ಯಲ್ಲಾಪುರದ ಮೇಲೆ ಸುತ್ತಿ ಅರಬೈಲ್ ಘಟ್ಟ ಇಳಿದವರಿಗೆ ಗೊತ್ತು, ಕ್ಲಚ್ಚು ಎಷ್ಟು ಸವೆಯುತ್ತದೆ ಅಂತ.

ನೀರಿನ ವಿಷಯ ಇನ್ನೂ ಗಂಭೀರ. ಜೋರು ಮಳೆ ಬಂದರೆ ಕಾರವಾರದ ಹತ್ತಿರ ಚೆಂಡಿಯಾ, ಅರಗಾ ಕಡೆ ಹೆದ್ದಾರಿ ಮೇಲೇ ನೀರು ನಿಲ್ಲುತ್ತದೆ. ನೀರಲ್ಲಿ ಕಾರು ಬಂದ್ ಬಿದ್ದರೆ ಎಲ್ಲರೂ ಮೊದಲು ಮಾಡುವುದು ಮತ್ತೆ ಸ್ಟಾರ್ಟ್ ಮಾಡುವುದು. ಹಾಗೆ ಮಾಡಿದರೆ ನೀರು ಸಿಲಿಂಡರಿನ ಒಳಗೆ ಹೋಗುತ್ತದೆ. ಗಾಳಿಯನ್ನು ಒತ್ತುವ ಹಾಗೆ ನೀರನ್ನು ಒತ್ತಲು ಆಗುವುದಿಲ್ಲ, ಪಿಸ್ಟನ್ನಿನ ರಾಡು ಬಗ್ಗಿಬಿಡುತ್ತದೆ. ಥರ್ಡ್ ಪಾರ್ಟಿ ಜೊತೆ ಕಾರಿನ ಹಾನಿಯನ್ನೂ ಸೇರಿಸಿ ಮಾಡಿಸುವ ಮಾಮೂಲಿ ವಿಮೆಯಲ್ಲಿ ನೆರೆಯಿಂದ ಆದ ಹಾನಿ ಸೇರಿದೆ. ಆದರೆ ಹೀಗೆ ಸ್ಟಾರ್ಟ್ ಮಾಡಿ ಹಾಳಾದ ಎಂಜಿನ್ನಿಗೆ, ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸದಿದ್ದರೆ, ದುಡ್ಡು ಬರುವುದಿಲ್ಲ. ಬಾಡಿಗೆ ಕಾರಿಗೆ ಅದು ಇದೆಯೋ ಇಲ್ಲವೋ ಅಂತ ಕೇಳುವವರು ಎಷ್ಟು ಜನ? ಮಳೆಗಾಲದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಈಗ ಇದೇ.

2024ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ಗಾಡಿಗಳು ಗಂಗಾವಳಿ ಹೊಳೆಯ ಪಾಲಾದವು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಲಾರಿಯೊಂದು ಹೊಳೆಗೆ ಬಿತ್ತು, ಡ್ರೈವರ್ ಬದುಕಿ ಬಂದ. ಗುಡ್ಡ ಕುಸಿತವೂ ಮಾಮೂಲಿ ವಿಮೆಯ ಪಟ್ಟಿಯಲ್ಲಿದೆ, ಕಾರಿನ ಮಾಲೀಕರಿಗೆ ಕಾರಿನ ದುಡ್ಡು ಸಿಗುತ್ತದೆ. ಆ ಎರಡು ಸುದ್ದಿ ಓದಿದಾಗ ನನಗೆ ಬಂದ ಯೋಚನೆ ಮಾತ್ರ ಕಾರಿನದ್ದಲ್ಲ. ಒಳಗಿದ್ದವರದ್ದು.

ಬಿಳಿ ಬೋರ್ಡಿನ ಕಾರು

ಒಳಗಿದ್ದವರ ಮಾತಿಗೆ ಬರುವ ಮೊದಲು ಇದೊಂದು ಹೇಳಲೇಬೇಕು. ಗೋಕರ್ಣ, ಮುರ್ಡೇಶ್ವರ, ಕಾರವಾರ ಎಲ್ಲ ಕಡೆ ಪರಿಚಯದ ಮೇಲೆ ಬಿಳಿ ಪ್ಲೇಟಿನ ಸ್ವಂತ ಕಾರನ್ನು ದಿನ ಬಾಡಿಗೆಗೆ ಕೊಡುವವರು ಸಿಗುತ್ತಾರೆ. ರೇಟು ಕಡಿಮೆ, ಡಿಪಾಸಿಟ್ ಇಲ್ಲ, ಕಾಗದ ಇಲ್ಲ, ನಮ್ಮೂರವರೇ. ಆದರೆ ಸ್ವಂತ ಬಳಕೆಗೆ ಅಂತ ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಬಿಟ್ಟರೆ ವಿಮಾ ಕಂಪನಿಗೆ ದುಡ್ಡು ನಿರಾಕರಿಸಲು ಅದೊಂದೇ ಕಾರಣ ಸಾಕು. ಎದುರಿನವನಿಗೆ ಪೆಟ್ಟಾದರೆ ಕೋರ್ಟು ಕಂಪನಿಯಿಂದಲೇ ಮೊದಲು ಕೊಡಿಸಬಹುದು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಲು ಕಂಪನಿಗೆ ಹೇಳಬಹುದು. ಮಾಲೀಕ ನಮ್ಮ ಮನೆ ಬಾಗಿಲಿಗೆ ಬರುತ್ತಾನೆ. ಆ ಮೊತ್ತ ಬಂಪರಿನ ಸಾವಿರಗಳಲ್ಲಿ ಇರುವುದಿಲ್ಲ, ಲಕ್ಷಗಳಲ್ಲಿ ಇರುತ್ತದೆ. ಒಂದು ತೋಟ ಮಾರಿದರೂ ತೀರದ ಸಾಲ ಆಗಬಹುದು. ಇಲ್ಲಿ ಯಾವ ಪ್ರೀಮಿಯಂ ಪ್ಲಾನೂ ನೆರವಿಗೆ ಬರುವುದಿಲ್ಲ. ಎಷ್ಟೇ ಪರಿಚಯ ಇರಲಿ, ಬಾಡಿಗೆಗೆ ಬಿಳಿ ಬೋರ್ಡಿನ ಕಾರು ಬೇಡ. ಇದನ್ನು ನಾನು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ.

ಗೋವಾದಿಂದ ಕಾರು ತರುವವರು ಇನ್ನೊಂದು ನೋಡಬೇಕು. ಅಲ್ಲಿನ ಕೆಲವು ಬಾಡಿಗೆ ಕಾರುಗಳನ್ನು ರಾಜ್ಯದ ಗಡಿ ದಾಟಿಸುವ ಹಾಗಿಲ್ಲ. ಮಾಜಾಳಿ ಚೆಕ್‌ಪೋಸ್ಟ್ ದಾಟಿ ಕಾರವಾರಕ್ಕೆ ಬಂದಮೇಲೆ ಏನಾದರೂ ಆದರೆ, ಕರಾರು ಮುರಿದಿದ್ದೀರಿ ಅಂತ ಹೆಚ್ಚುವರಿ ರಕ್ಷಣೆಯೂ ರದ್ದು. ಬುಕಿಂಗಿನಲ್ಲಿ ಹೆಸರಿಲ್ಲದ ತಮ್ಮನೋ ಸ್ನೇಹಿತನೋ ಸ್ವಲ್ಪ ದೂರ ಓಡಿಸಿದರೂ ಅಷ್ಟೇ.

"ನಿಂಗೆ ಎಂತ ಇದ್ದು ಹೇಳು?"

ಸಂಬಂಧದಲ್ಲಿ ಚಿಕ್ಕಪ್ಪ ಆಗಬೇಕಾದವನೊಬ್ಬ ಶಿರಸಿಯಲ್ಲಿ ವಕೀಲ. ಮೋಟಾರು ಅಪಘಾತದ ಕೇಸುಗಳನ್ನು ವರ್ಷಗಳಿಂದ ನಡೆಸಿದವನು. ಒಂದು ಸಂಜೆ ಅವನ ಮನೆ ಜಗಲಿಯಲ್ಲಿ ಕೂತು ಈ ಪ್ಲಾನುಗಳ ವಿಷಯ ಎತ್ತಿದೆ. ನನ್ನ ಫೋನಿನಲ್ಲಿದ್ದ ಕರಾರನ್ನು ಕನ್ನಡಕ ಹಾಕಿಕೊಂಡು, ಬೆರಳಿನಿಂದ ಸರಿಸುತ್ತ ಕೊನೆಯವರೆಗೂ ಓದಿದ. ಅವಸರ ಇಲ್ಲ. ಒಂದು ಕವಳ ಹಾಕುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಕಾರಿಗೆ ಇದ್ದು. ಎದುರಿಗೆ ಬಂದವಂಗೆ ಇದ್ದು. ನಿಂಗೆ ಎಂತ ಇದ್ದು ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ಬಿಡಿಸಿ ಹೇಳಿದ. ಕಾರಿನ ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ, 2018ರಿಂದ ಮೊತ್ತ ಅಷ್ಟಕ್ಕೆ ಏರಿದೆ. ಆದರೆ ಅದು ಕಾರಿನ ಮಾಲೀಕ ತಾನೇ ಓಡಿಸುವಾಗ ಅವನಿಗೆ. ಬಾಡಿಗೆಗೆ ತಂದ ನನಗಲ್ಲ. ಹಿಂದೆ ಕೂತವರಿಗೆ ತಲೆಗೆ ಇಷ್ಟು ಅಂತ ಕೊಡುವ ರಕ್ಷಣೆ ಬೇರೆ ಸೇರಿಸಬೇಕು, ಮಾಲೀಕರು ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನ ವಿಷಯ ಹೇಳಿದ. ನಮ್ಮದೇ ರಾಜ್ಯದ, ಇಳಕಲ್ ಕಡೆಯ ಪ್ರಕರಣ. ಒಬ್ಬಾತ ಬೇರೆಯವರ ಬೈಕು ತಗೊಂಡು ಹೋಗುವಾಗ ಮುಂದೆ ಹೋಗುತ್ತಿದ್ದ ಎತ್ತಿನಗಾಡಿಗೆ ಗುದ್ದಿ ತೀರಿಕೊಂಡ. ಮನೆಯವರು ಪರಿಹಾರ ಕೇಳಿದರು. ಬೇರೆಯವರ ಗಾಡಿ ತಗೊಂಡು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಯಾರ ತಪ್ಪು ಅಂತ ನೋಡದೆ ಪರಿಹಾರ ಕೊಡುತ್ತಿದ್ದ, ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಮಿನಡಿ ಆ ಗಾಡಿಯ ವಿಮೆಯಿಂದ ಅವನ ಮನೆಯವರು ಕೇಳುವಂತಿಲ್ಲ ಅಂತ ಕೋರ್ಟ್ ಹೇಳಿತು. ಬಾಡಿಗೆ ಕಾರು ಓಡಿಸುವವನ ಮನೆಯವರು ಹೋದರೂ ವಿಮಾ ಕಂಪನಿ ಇದೇ ವಾದ ಎತ್ತುತ್ತದೆ ಅಂದ ಚಿಕ್ಕಪ್ಪ. ಎದುರಿನ ಗಾಡಿಯ ತಪ್ಪಾದರೆ ಅವರ ವಿಮೆಯಿಂದ ಕೇಳಬಹುದು. ರಸ್ತೆಗೆ ಕಾಡೆಮ್ಮೆ ಬಂದು, ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ? ಕೇಳಲು ಎದುರಿಗೆ ಯಾರೂ ಇಲ್ಲ.

ಅವತ್ತು ಮನೆಗೆ ಬಂದು ನನ್ನ ಪ್ರಯಾಣವನ್ನೇ ಒಮ್ಮೆ ನೋಡಿದೆ. ಬೆಂಗಳೂರಿಂದ ಹುಬ್ಬಳ್ಳಿಗೆ ರೈಲು. ಆನ್‌ಲೈನ್ ಟಿಕೆಟ್ ಮಾಡುವಾಗ ಒಂದು ರೂಪಾಯಿಗೂ ಕಡಿಮೆ ದುಡ್ಡಿಗೆ ಪ್ರಯಾಣ ವಿಮೆ ಸಿಗುತ್ತದೆ, ಪ್ರಾಣ ಹೋದರೆ ಮನೆಯವರಿಗೆ 10 ಲಕ್ಷ. ಅಲ್ಲಿಂದ ಶಿರಸಿಗೆ ನೂರು ಕಿಲೋಮೀಟರು ಬಾಡಿಗೆ ಕಾರು. ದಿನಕ್ಕೆ ನೂರಾರು ರೂಪಾಯಿ ಕೊಟ್ಟು ಬಂಪರಿಗೆ ರಕ್ಷಣೆ. ಕಾರಿನಲ್ಲಿ ಕೂತವರಿಗೆ ಆ ಪುಟದಲ್ಲಿ ಏನೂ ಇಲ್ಲ. ಅಪಾಯ ಯಾವುದರಲ್ಲಿ ಜಾಸ್ತಿ ಅಂತ ಘಟ್ಟ ಇಳಿದವರಿಗೆ ಗೊತ್ತು.

ಊರಿನ ಬ್ಯಾಂಕಿನ ಲೆಕ್ಕವನ್ನೂ ನೋಡಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಖಾತೆಯಿಂದಲೇ ಕಡಿತ ಆಗುತ್ತದೆ, ಅಪಘಾತದಲ್ಲಿ ಪ್ರಾಣ ಹೋದರೆ 2 ಲಕ್ಷ. ಯಾವ ಗಾಡಿ, ಯಾರ ಗಾಡಿ ಅಂತ ಅದು ಕೇಳುವುದಿಲ್ಲ. ಆಯಿಯ ಖಾತೆಯಲ್ಲಿ ಅದು ನಡೆಯುತ್ತಿದೆ. ಅಪ್ಪಯ್ಯನಿಗೆ 70 ದಾಟಿದೆ, ಆ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಎಲ್ಲರಿಗಿಂತ ಜಾಸ್ತಿ ಡಾಕ್ಟರ ಹತ್ತಿರ ಓಡಾಡುವ, ಒಂದು ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ವಯಸ್ಸಿನವರಿಗೇ ರಕ್ಷಣೆ ಇಲ್ಲ ಅನ್ನುವುದು ನನ್ನನ್ನು ತುಂಬ ಕಾಡಿತು. ಅವನ ಆರೋಗ್ಯ ವಿಮೆಯ ಕಾಗದ ತೆಗೆದು ಮೊದಲಿನಿಂದ ಓದಿದೆ. ಅಪಘಾತದಿಂದ ಆಸ್ಪತ್ರೆ ಸೇರಿದರೆ ಅದರಲ್ಲಿ ಖರ್ಚು ಬರುತ್ತದೆ. ಅಷ್ಟಾದರೂ ಇದೆ. ಅದನ್ನು ತಪ್ಪದೆ ನವೀಕರಿಸುವುದು ಈಗ ನನ್ನ ಜವಾಬ್ದಾರಿ, ಅಪ್ಪಯ್ಯನ ನೆನಪಿಗೆ ಬಿಟ್ಟಿಲ್ಲ. ನನಗೂ ಹೆಂಡತಿಗೂ ಒಂದೊಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿದೆ. ಬೈಕಾಗಲಿ, ಬಸ್ಸಾಗಲಿ, ಬಾಡಿಗೆ ಕಾರಾಗಲಿ, ವರ್ಷಪೂರ್ತಿ ನಡೆಯುತ್ತದೆ. ಪೆಟ್ಟು ಬಿದ್ದು ಕೆಲಸಕ್ಕೆ ಹೋಗಲಾಗದ ವಾರಗಳಿಗೂ ಅದರಲ್ಲಿ ದುಡ್ಡು ಇದೆ.

ಬಾಡಿಗೆ ಕಾರಿನವರು ಆ ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓಡಿಸುವವರಿಗೆ ಇಷ್ಟು, ಹಿಂದೆ ಕೂತವರಿಗೆ ಇಷ್ಟು, ವಯಸ್ಸಿನ ಮಿತಿ ಇಲ್ಲ. ರೈಲಿನವರಿಂದ ಆಗುವುದಾದರೆ ಇವರಿಂದ ಯಾಕೆ ಆಗಬಾರದು? ಅದಕ್ಕೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ.

ಈ ಚೌತಿಗೆ ಹುಬ್ಬಳ್ಳಿಯಲ್ಲಿ ಕಾರು ಬುಕ್ ಮಾಡಿಯಾಗಿದೆ. ಕಪ್ಪು ಬೋರ್ಡು. ಪಾಲಿಸಿಯ ಪ್ರತಿ ಮೊದಲೇ ತರಿಸಿಕೊಂಡೆ, ಎಂಜಿನ್ ಪ್ರೊಟೆಕ್ಷನ್ ಇದೆ, ಹಿಂದೆ ಕೂತವರ ರಕ್ಷಣೆ ಇಲ್ಲ. ಕರಾರಿನಲ್ಲಿ ಮಿತಿ ಇರುವುದರಿಂದ ಬೇಸಿಕ್ ಪ್ಲಾನೇ ತಗೊಂಡೆ. ಹೆಂಡತಿಯ ಹೆಸರನ್ನೂ ಓಡಿಸುವವರ ಪಟ್ಟಿಗೆ ಸೇರಿಸಿದೆ. ಅಪ್ಪಯ್ಯನಿಗೆ ಫೋನ್ ಮಾಡಿ, ಕಾರನ್ನು ಡಾಂಬರು ರಸ್ತೆಯಲ್ಲೇ ಬಿಡುತ್ತೇವೆ, ಸಾಮಾನು ತರಲು ಪಕ್ಕದ ಮನೆ ಜೀಪಿಗೆ ಹೇಳಿಡು ಅಂದೆ. "ಅಡ್ಡಿಲ್ಲೆ, ಕಲ್ಲು ಒಡಸ ವಿಚಾರವೂ ಇದ್ದು, ಹಬ್ಬ ಮುಗದ ಮೇಲೆ ನೋಡನ" ಅಂದ.